ಗೋಮಾಳದ ಲಂಟಾನ

ಲಂಟಾನದ ಹೂವನ್ನು ನೋಡದವರು ನಮ್ಮ ಸೀಮೆಯಲ್ಲಿ ಇರಲಾರರು. ಹೆಸರು ಗೊತ್ತಿಲ್ಲದಿರಬಹುದು, ಅಷ್ಟೆ. ಬಸ್ಸಿನ ಕಿಟಕಿಯಿಂದ ಹೊರಗೆ ನೋಡಿದರೆ ರಸ್ತೆಯ ಎರಡೂ ಬದಿಗೆ ಕಾಣುತ್ತದಲ್ಲ, ಒಂದೇ ಗೊಂಚಲಿನಲ್ಲಿ ನಡುವೆ ಹಳದಿ, ಅಂಚಿಗೆ ಗುಲಾಬಿ ಬಣ್ಣದ ಪುಟ್ಟ ಪುಟ್ಟ ಹೂ ಹೊತ್ತ ಪೊದೆ, ಅದೇ ಅದು. ಎಲೆ ಮುಟ್ಟಿದರೆ ಒರಟು. ಹೊಸಕಿದರೆ ಮೂಗಿಗೆ ಹೊಡೆಯುವ ವಾಸನೆ. ಕಾಂಡದ ತುಂಬ ಸಣ್ಣ ಮುಳ್ಳು. ಶಿಕ್ಷಕರ ದಿನಾಚರಣೆಗೆ ಹಳ್ಳಿ ಕಡೆಯ ಮಕ್ಕಳು ಇದರದೇ ಗುಚ್ಛ ಕಟ್ಟಿ ತಂದು ನನ್ನ ಮೇಜಿನ ಮೇಲಿಡುವುದುಂಟು. ಗುಲಾಬಿಗೆ ದುಡ್ಡು ಕೊಡಬೇಕು, ಇದಕ್ಕೆ ಬೇಡ. ನಮ್ಮ ಪಟ್ಟಣದ ನರ್ಸರಿಯಲ್ಲಿ ಇದರ ಗಿಡ್ಡ ಜಾತಿಯನ್ನು ಕುಂಡದಲ್ಲಿಟ್ಟು ಮಾರುತ್ತಾರೆ. ಚಿಟ್ಟೆ ಬರುತ್ತವೆಂದು ಕೊಂಡು ತಂದವರ ಮನೆಗಳೂ ನನಗೆ ಗೊತ್ತು. ಚಿಟ್ಟೆಗಳು ಬರುವುದೂ ನಿಜ.

ಹೂವಿನ ಮಾತು ಇರಲಿ. ಇದರ ಎಲೆ ಹಸುವಿನ ಹೊಟ್ಟೆಗೆ ಹೋದರೆ ಏನಾಗುತ್ತದೆ ಎಂಬುದನ್ನು ನಾನು ಕಣ್ಣಾರೆ ಕಂಡದ್ದು 2017ರ ಬೇಸಿಗೆ ರಜೆಯಲ್ಲಿ, ನನ್ನ ತವರುಮನೆಯ ಕೊಟ್ಟಿಗೆಯಲ್ಲಿ.

ನನ್ನ ತವರು ಹೆಗ್ಗಡದೇವನಕೋಟೆ ತಾಲ್ಲೂಕಿನ ಕಾಡಂಚಿನ ಹಳ್ಳಿ. ನಾನು ಲಂಗ ತೊಟ್ಟು ಓಡಾಡುತ್ತಿದ್ದ ಕಾಲದಲ್ಲಿ ಊರ ದನಗಳನ್ನೆಲ್ಲ ಮೇಯಿಸಲು ಒಬ್ಬ ತಾತ ಇದ್ದ. ಮನೆಗಿಷ್ಟು ರಾಗಿ ಎಂದು ಅವನ ಕೂಲಿ. ಬೆಳಿಗ್ಗೆ ಬೀದಿಯಲ್ಲಿ ನಿಂತು ಅವನು ಕೂಗು ಹಾಕಿದರೆ ಎಲ್ಲರೂ ಹಗ್ಗ ಬಿಚ್ಚಬೇಕು. ಆದರೆ ಹಸಿದ ದನವನ್ನು ಮಾತ್ರ ಅವನು ಮಂದೆಗೆ ಸೇರಿಸುತ್ತಿರಲಿಲ್ಲ. ಹೊಟ್ಟೆಯ ಎಡಗಡೆಯ ಗುಳಿ ನೋಡಿ, ‘ಎಲ್ಡು ಹಿಡಿ ಹುಲ್ಲಾದ್ರೂ ಹಾಕ್ರವ್ವ, ಬರಿ ಹೊಟ್ಟೇಲಿ ಅಟ್ಬೇಡಿ. ಹೊಟ್ಟೇಲಿ ಏನಾದ್ರೂ ಇದ್ರೆ ದನ ಆರಿಸ್ಕಂಡು ತಿಂತದೆ’ ಅನ್ನುತ್ತಿದ್ದ. ಹೊಸದಾಗಿ ಸಂತೆಯಿಂದ ತಂದ ದನವಾದರೆ ಇನ್ನೂ ಕಟ್ಟುನಿಟ್ಟು. ನಾಲ್ಕಾರು ದಿನ ಊರಿನ ಹಳೆಯ ಹಸುವಿಗೆ ಜೋಡಿ ಹಗ್ಗ ಹಾಕಿ ಅದರ ಪಕ್ಕದಲ್ಲೇ ಮೇಯಿಸುತ್ತಿದ್ದ. ನಮಗೆ ಅದು ತಮಾಷೆ. ಮದುವೆಯಾಗಿ ಬಂದ ಸೊಸೆಯನ್ನು ಅತ್ತೆಯ ಹಿಂದೆ ಓಡಾಡಿಸಿದ ಹಾಗೆ ಎಂದು ನಗುತ್ತಿದ್ದೆವು.

ಗೋಮಾಳದ ಅಂಚಿನಲ್ಲಿ ಆಗಲೂ ಲಂಟಾನ ಇತ್ತು. ಕಪ್ಪಗೆ ಹಣ್ಣಾದ ಕಾಯಿಗಳನ್ನು ನಾವು ಹುಡುಗಿಯರು ಕಿತ್ತು ತಿಂದದ್ದೂ ಉಂಟು. ಹಸಿರು ಕಾಯಿ ವಿಷ ಎಂದು ದೊಡ್ಡವರು ಗದರಿಸುತ್ತಿದ್ದರು. ಅದು ಸರಿಯಾದ ಮಾತೇ. ದನಗಳು ಮಾತ್ರ ಆ ಪೊದೆಯನ್ನು ಮೂಸಿಯೂ ನೋಡುತ್ತಿರಲಿಲ್ಲ. ಕರು ಹುಟ್ಟಿದ ಮೇಲೆ ತಾಯಿಯ ಬಾಯಿಯ ಪಕ್ಕದಲ್ಲಿ ಬಾಯಿ ಇಟ್ಟುಕೊಂಡೇ ಮೇವು ಕಲಿಯುತ್ತದೆ. ತಾಯಿ ಬಿಟ್ಟದ್ದನ್ನು ಅದೂ ಬಿಡುತ್ತದೆ. ಈ ವಿದ್ಯೆಗೆ ಬಿ.ಎಡ್. ಬೇಕಾಗಿಲ್ಲ.

2015, 2016 ಎರಡೂ ವರ್ಷ ಮಳೆ ಕೈಕೊಟ್ಟಿತು. 2017ರ ಏಪ್ರಿಲ್ ಹೊತ್ತಿಗೆ ಗೋಮಾಳದಲ್ಲಿ ಹುಲ್ಲು ಎಂಬುದು ಇರಲಿಲ್ಲ. ಒಣಗಿದ ಬುಡಗಳು ಇದ್ದವು. ಹುಲ್ಲಿನ ಪಿಂಡಿಯ ಬೆಲೆ ಕೇಳಿದರೆ ಎದೆ ಝಲ್ಲೆನ್ನುತ್ತಿತ್ತು. ಅತ್ತಿಗೆ ಅದಕ್ಕೆ ಹಿಂದಿನ ವರ್ಷ ಸ್ತ್ರೀಶಕ್ತಿ ಸಂಘದಿಂದ ಸಾಲ ಎತ್ತಿ ಒಂದು ಸೀಮೆಹಸು ಕೊಂಡಿದ್ದರು. ಕಪ್ಪು ಬಿಳುಪು ಮಿಶ್ರ ತಳಿ. ಹಣೆಯ ಮೇಲೆ ಬಿಳಿ ಬೊಟ್ಟು, ಬೆನ್ನಿನ ಮೇಲೆ ನಕ್ಷೆ ಬರೆದಂತೆ ಕಪ್ಪು. ಲಕ್ಷ್ಮಿ ಎಂದು ಹೆಸರಿಟ್ಟಿದ್ದರು. ಎರಡು ಹೊತ್ತಿಗೆ ಹದಿನಾಲ್ಕು ಲೀಟರ್ ಹಾಲು ಡೇರಿಗೆ ಹೋಗುತ್ತಿತ್ತು. ಸಾಲದ ಕಂತು, ಮಗಳ ಕಾಲೇಜಿನ ಬಸ್ ಪಾಸು, ಅಣ್ಣಯ್ಯನ ಬಿ.ಪಿ. ಮಾತ್ರೆ, ಎಲ್ಲವೂ ಆ ಹಾಲಿನ ಲೆಕ್ಕದಲ್ಲೇ ಇದ್ದವು. ಲಕ್ಷ್ಮಿ ಹುಟ್ಟಿ ಬೆಳೆದದ್ದು ಮಂಡ್ಯದ ಕಡೆ, ಶೆಡ್ಡಿನೊಳಗೆ. ಕತ್ತರಿಸಿ ಮುಂದಿಟ್ಟ ಹಸಿ ಮೇವನ್ನು ತಿಂದು ಗೊತ್ತೇ ಹೊರತು ಬಯಲಲ್ಲಿ ಮೇದು ಗೊತ್ತಿಲ್ಲ. ಹುಲ್ಲು ಮುಗಿದಾಗ ಅತ್ತಿಗೆಗೆ ಬೇರೆ ದಾರಿ ಕಾಣಲಿಲ್ಲ. ನಾಟಿ ಹಸುಗಳ ಜೊತೆಗೆ ಅದನ್ನೂ ಗೋಮಾಳಕ್ಕೆ ಬಿಟ್ಟರು. ಎಂಥ ಬೇಸಿಗೆಯಲ್ಲೂ ಹಸಿರಾಗಿರುವುದು ಲಂಟಾನ. ಒಣಗಿದ ನೆಲದ ಮೇಲೆ ಹಸಿರು ಕಂಡ ಹಸಿದ ಹಸು ಏನು ಮಾಡೀತು, ಹೇಳಿ.

ನಾನು ರಜೆಗೆ ಹೋದಾಗ ಲಕ್ಷ್ಮಿ ಮೆಲುಕು ಹಾಕುವುದನ್ನು ನಿಲ್ಲಿಸಿ ಮೂರು ದಿನವಾಗಿತ್ತು. ಸಗಣಿ ಉಂಡೆ ಉಂಡೆಯಾಗಿ ಗಟ್ಟಿ. ಗಂಜಲ ಕಪ್ಪು ಚಹಾದ ಬಣ್ಣ. ಕಣ್ಣಿನ ಬಿಳಿ ಭಾಗ ಅರಿಶಿನ. ಹಾಲು ಒಂದು ಚೊಂಬಿಗೆ ಇಳಿದಿತ್ತು. ಬಿಸಿಲಿಗೆ ಕಟ್ಟಿದರೆ ಹಗ್ಗ ಕಿತ್ತುಕೊಂಡು ಹುಣಸೆಮರದ ನೆರಳಿಗೆ ಓಡುತ್ತಿತ್ತು. ಮರುದಿನ ಕಿವಿ, ಮೂಗು, ಕೆಚ್ಚಲು ಕೆಂಪಗೆ ಊದಿಕೊಂಡವು. ಅದರ ಮರುದಿನ ಚರ್ಮ ಒಡೆದು ನೀರು ಸೋರಿತು. ಆಮೇಲೆ ಒಣಗಿದ ಮರದ ತೊಗಟೆಯ ಹಾಗೆ ಹಕ್ಕಳೆ ಹಕ್ಕಳೆಯಾಗಿ ಏಳತೊಡಗಿತು. ಹಿಂಡಲು ಹೋದರೆ ಅತ್ತಿಗೆಯನ್ನೇ ಒದೆಯಿತು. ಅದು ಯಾವತ್ತೂ ಒದ್ದ ಹಸುವಲ್ಲ.

ಊರು ಸುಮ್ಮನಿರುತ್ತದೆಯೇ? ದೃಷ್ಟಿ ಎಂದರು, ಅಮ್ಮ ಬಂದಿದ್ದಾಳೆ ಎಂದರು. ಒಬ್ಬಾಕೆ ಬಂದು ಹಸುವಿನ ಬೆನ್ನು ನೋಡಿ, ಧ್ವನಿ ತಗ್ಗಿಸಿ, ‘ಇದು ಯಾರೋ ಕುದಿಯೋ ನೀರು ಉಯ್ದಿರೋದು ಕಣಕ್ಕ’ ಅಂದಳು. ಹೊಲದ ಬದುವಿನ ವಿಚಾರದಲ್ಲಿ ಪಕ್ಕದ ಮನೆಯವರಿಗೂ ಅಣ್ಣಯ್ಯನಿಗೂ ಎರಡು ವರ್ಷದಿಂದ ಮಾತಿರಲಿಲ್ಲ. ಆ ಒಂದು ಮಾತು ಬಿದ್ದದ್ದೇ ತಡ, ಅಣ್ಣಯ್ಯ ಎದ್ದು ನಿಂತರು. ಪೊಲೀಸ್ ಠಾಣೆಗೆ ಹೋಗುವುದೋ, ನೇರವಾಗಿ ಪಕ್ಕದ ಮನೆಯ ಬಾಗಿಲಿಗೇ ಹೋಗುವುದೋ ಎಂಬುದಷ್ಟೇ ಆಗ ಉಳಿದಿದ್ದ ಪ್ರಶ್ನೆ. ಅವರನ್ನು ಜಗುಲಿಯ ಮೇಲೆ ಕೂರಿಸಿ ಕಾಫಿ ಕೊಟ್ಟು ತಡೆದವರು ಅತ್ತಿಗೆ. ‘ಡಾಕ್ಟ್ರು ಬಂದು ಹೋಗ್ಲಿ. ಆಮೇಲೆ ನೀವು ಎಲ್ಲಿಗ್ ಬೇಕಾದ್ರೂ ಹೋಗಿ.’

ಬಂದ ಡಾಕ್ಟರು ಚಿಕ್ಕ ವಯಸ್ಸಿನ ಹುಡುಗಿ. ಹಸುವನ್ನು ಒಂದು ಸುತ್ತು ನೋಡಿ ಆಕೆ ಮೊದಲು ಕೇಳಿದ್ದು, ‘ಇದನ್ನು ಎಲ್ಲಿಂದ ತಂದಿರಿ, ಎಲ್ಲಿ ಮೇಯಿಸಿದಿರಿ?’ ಎಂದು. ಬಿಸಿನೀರಿನ ಮಾತು ತೆಗೆದಾಗ ಆಕೆ ನಮ್ಮನ್ನೆಲ್ಲ ಹತ್ತಿರ ಕರೆದು ಲಕ್ಷ್ಮಿಯ ಬೆನ್ನು ತೋರಿಸಿದರು. ಬಿಳಿ ಇದ್ದ ಜಾಗವಷ್ಟೇ ಸುಟ್ಟಿತ್ತು. ಕಪ್ಪು ಶುರುವಾಗುವ ಗೆರೆಯಲ್ಲಿ ಗಾಯ ನಿಂತುಬಿಟ್ಟಿತ್ತು, ಅಡಿಕೋಲು ಇಟ್ಟು ಎಳೆದ ಹಾಗೆ. ಕಪ್ಪು ಚರ್ಮ ನುಣ್ಣಗೆ ಹೊಳೆಯುತ್ತಿತ್ತು. ‘ಕುದಿಯುವ ನೀರಿಗೆ ಬಿಳಿ ಯಾವುದು, ಕಪ್ಪು ಯಾವುದು ಅಂತ ಗೊತ್ತಾಗುತ್ತಾ ಸರ್? ಇದನ್ನು ಸುಟ್ಟಿರೋದು ಸೂರ್ಯ’ ಅಂದರು. ಅಣ್ಣಯ್ಯ ಬಗ್ಗಿ ನೋಡಿದರು. ಮತ್ತೆ ಏನೂ ಮಾತಾಡದೆ ಹೋಗಿ ಜಗುಲಿಯ ಮೇಲೆ ಕೂತರು.

ಆಕೆ ವಿವರಿಸಿದ್ದನ್ನು ನನ್ನ ಮಾತಿನಲ್ಲಿ ಹೇಳುತ್ತೇನೆ. ಲಂಟಾನದ ಎಲೆಯಲ್ಲಿ ಲಂಟಾಡೀನ್ ಎಂಬ ವಿಷಗಳಿವೆ. ಹಿಮಾಚಲ ಪ್ರದೇಶದ ಪಾಲಂಪುರದಲ್ಲಿರುವ ಭಾರತೀಯ ಪಶುವೈದ್ಯಕೀಯ ಸಂಶೋಧನಾ ಸಂಸ್ಥೆಯ ಕೇಂದ್ರದವರು ಇದರ ಮೇಲೆ ವರ್ಷಗಟ್ಟಲೆ ಕೆಲಸ ಮಾಡಿದ್ದಾರೆ. ಈ ವಿಷ ಹೊಟ್ಟೆಯಿಂದ ಯಕೃತ್ತಿಗೆ ಹೋಗಿ, ಅಲ್ಲಿಂದ ಪಿತ್ತ ಹರಿಯುವುದನ್ನೇ ನಿಲ್ಲಿಸುತ್ತದೆ. ಅದರಿಂದಲೇ ಕಾಮಾಲೆ. ಹಸು ತಿಂದ ಹಸಿರಿನಲ್ಲಿರುವ ಪತ್ರಹರಿತ್ತು ಹೊಟ್ಟೆಯಲ್ಲಿ ಒಡೆದು ಇನ್ನೊಂದು ವಸ್ತುವಾಗುತ್ತದೆ. ಆರೋಗ್ಯವಾಗಿರುವ ಹಸುವಿನಲ್ಲಿ ಅದು ಪಿತ್ತದ ಜೊತೆ ಹೊರಗೆ ಹೋಗುತ್ತದೆ. ಪಿತ್ತ ನಿಂತರೆ ಅದು ರಕ್ತದಲ್ಲೇ ಉಳಿದು ಚರ್ಮದವರೆಗೆ ಬರುತ್ತದೆ. ಬಿಸಿಲು ಬಿದ್ದಾಗ ಚರ್ಮ ಒಳಗಿನಿಂದಲೇ ಸುಡುತ್ತದೆ. ಕಪ್ಪು ಬಣ್ಣ ಇದ್ದಲ್ಲಿ ಬಿಸಿಲು ಒಳಕ್ಕೆ ಇಳಿಯುವುದಿಲ್ಲ, ಹಾಗಾಗಿ ಅದು ಪಾರು. ನಮ್ಮ ಹಳ್ಳಿಕಾರ್ ಹಸುವಿನ ಮೈಗೂದಲು ಬೆಳ್ಳಗಿದ್ದರೂ ಅಡಿಯ ಚರ್ಮ ಕಪ್ಪು. ಅದಕ್ಕೆ ಲಂಟಾನದ ವಿಷ ತಗಲುವುದಿಲ್ಲವೆಂದಲ್ಲ, ಚರ್ಮ ಸುಟ್ಟು ಗುರುತು ಹೇಳುವುದು ಕಡಿಮೆ. ಹತ್ತನೇ ತರಗತಿಗೆ ಎಷ್ಟು ವರ್ಷದಿಂದ ಪತ್ರಹರಿತ್ತಿನ ಪಾಠ ನಡೆಯುತ್ತಿದೆ! ಹಸಿರು ಹೀಗೂ ಕಾಡಬಲ್ಲದು ಎಂದು ಯಾವ ಪುಸ್ತಕದಲ್ಲೂ ನಾನು ಓದಿರಲಿಲ್ಲ.

ಇನ್ನೊಂದು ಕಷ್ಟವನ್ನೂ ಹೇಳಿದರು. ವಿಷ ತಗಲಿದೊಡನೆ ಹಸುವಿನ ದೊಡ್ಡ ಹೊಟ್ಟೆಯ ಚಲನೆ ನಿಂತುಹೋಗುತ್ತದೆ. ತಿಂದ ಲಂಟಾನ ಅಲ್ಲೇ ಕೂತು ದಿನವೂ ಇಷ್ಟಿಷ್ಟೇ ವಿಷವನ್ನು ಬಿಡುತ್ತಲೇ ಇರುತ್ತದೆ. ಹಾಗಾಗಿ ಗಾಯಕ್ಕೆ ಮುಲಾಮು ಹಚ್ಚಿ ಸುಮ್ಮನಾದರೆ ಏನೂ ಸಾಲದು. ಹೊಟ್ಟೆಯೊಳಗಿನ ವಿಷವನ್ನು ಹಿಡಿದು ಕಟ್ಟಬೇಕು. ಅದಕ್ಕೆ ಕೊಡುವುದು ಇದ್ದಿಲಿನ ಪುಡಿ. ನಮ್ಮ ಒಲೆಯ ಇದ್ದಿಲಲ್ಲ, ಔಷಧಿಗೆಂದೇ ತಯಾರಿಸಿದ ಸಕ್ರಿಯ ಇದ್ದಿಲು. ದೊಡ್ಡ ಹಸುವಿಗೆ ಎರಡು ಕಿಲೋ ಮೇಲೆಯೇ ಬೇಕು. ಬಕೆಟ್ಟುಗಟ್ಟಲೆ ನೀರಿನಲ್ಲಿ ಕದಡಿ ನಳಿಕೆಯಲ್ಲಿ ಹೊಟ್ಟೆಗೆ ಬಿಡಬೇಕು. ಅಷ್ಟು ಇದ್ದಿಲು ನಮ್ಮ ತಾಲ್ಲೂಕಿನಲ್ಲಿ ಸಿಗಲಿಲ್ಲ. ಅಣ್ಣಯ್ಯ ಮೈಸೂರಿಗೆ ಹೋಗಿ ತಂದರು. ರಕ್ತನಾಳಕ್ಕೆ ಬಾಟಲಿ ಏರಿಸಿದರು. ಗಾಯಕ್ಕೆ ನೊಣ ಕೂರದಂತೆ ಔಷಧಿ ಹಚ್ಚಿದರು. ಕೊಟ್ಟಿಗೆಯ ಕಿಂಡಿಗಳಿಗೆಲ್ಲ ಗೋಣಿ ತಾಟು ಕಟ್ಟಿ ಕತ್ತಲು ಮಾಡಿದೆವು. ಹಸಿರು ಮೇವು ಒಂದು ಎಸಳೂ ಕೂಡದು, ಒಣಹುಲ್ಲು ಮಾತ್ರ ಎಂದು ಡಾಕ್ಟರು ಕಟ್ಟಪ್ಪಣೆ ಮಾಡಿದರು. ಹಸಿರಿಗಾಗಿ ಬಾಯಿ ಬಿಟ್ಟು ಕೆಟ್ಟ ಹಸುವಿಗೆ ಈಗ ಹಸಿರೇ ಪಥ್ಯ.

ಇಪ್ಪತ್ತೆರಡು ದಿನಕ್ಕೆ ಲಕ್ಷ್ಮಿ ಮತ್ತೆ ಚೆನ್ನಾಗಿ ಮೆಲುಕು ಹಾಕಿತು. ಅದೇ ತಿಂಗಳು ಊರಿನ ಇನ್ನೊಂದು ಮನೆಯ ಎರಡು ಹೋರಿಗರು ಸತ್ತವು. ಅವಕ್ಕೆ ಗಾಯ ಕಾಣಿಸಿರಲಿಲ್ಲ, ಹಾಗಾಗಿ ಯಾರಿಗೂ ಲಂಟಾನದ ನೆನಪು ಬರಲಿಲ್ಲ. ಲಕ್ಷ್ಮಿಯ ಹಾಲು ಮಾತ್ರ ಆ ಸೂಲಿನಲ್ಲಿ ಆರು ಲೀಟರಿನ ಮೇಲೆ ಏರಲಿಲ್ಲ. ಸಂಘದ ಹೆಂಗಸರು ಕೂತು ಮಾತಾಡಿ, ಆರು ತಿಂಗಳು ಬರೀ ಬಡ್ಡಿ ಕಟ್ಟಿದರೆ ಸಾಕೆಂದು ತೀರ್ಮಾನ ಬರೆದುಕೊಂಡರು. ಆ ತೀರ್ಮಾನಕ್ಕೆ ಮೊದಲು ಹೆಬ್ಬೆಟ್ಟು ಒತ್ತಿದಾಕೆ ಪಕ್ಕದ ಮನೆಯ ಸೊಸೆ. ಗಂಡಸರ ಬದುವಿನ ಜಗಳ ಇನ್ನೂ ಹಾಗೆಯೇ ಇದೆ, ಅದು ಬೇರೆ ಕಥೆ.

ಲಂಟಾನ ನಮ್ಮ ದೇಶದ ಗಿಡವೇ ಅಲ್ಲ. ಅಮೆರಿಕ ಖಂಡದ ಉಷ್ಣ ಸೀಮೆಯದು. ಹತ್ತೊಂಬತ್ತನೆಯ ಶತಮಾನದ ಆರಂಭದಲ್ಲಿ ಇಂಗ್ಲಿಷರು ಕಲ್ಕತ್ತೆಯ ಸಸ್ಯೋದ್ಯಾನಕ್ಕೆ ಅಲಂಕಾರಕ್ಕೆಂದು ತಂದರು. ಬೇಲಿಗೆ ಚೆನ್ನಾಗಿದೆಯೆಂದು ಆಮೇಲೆ ಹರಡಿದರು. ಕಾಫಿ ತೋಟದ ಅಂಚಿಗೆ, ಬಂಗಲೆಯ ಸುತ್ತ, ಅಲ್ಲಿಂದ ಪಿಕಳಾರ ಹಕ್ಕಿಯ ಹೊಟ್ಟೆ ಸೇರಿ ಕಾಡಿಗೆ. ಇದನ್ನು ಅಡಗಿಸಲು 1921ರಲ್ಲೇ ಹವಾಯಿಯಿಂದ ಇದರ ಕಾಯಿ ಕೊರೆಯುವ ಒಂದು ನೊಣವನ್ನು ತರಿಸಿದ್ದರಂತೆ. ನೊಣ ಬಂತು, ಲಂಟಾನ ಹೋಗಲಿಲ್ಲ. 2020ರಲ್ಲಿ ಪ್ರಕಟವಾದ ಒಂದು ಅಧ್ಯಯನದ ಅಂದಾಜಿನಂತೆ ದೇಶದ ಕಾಡುಗಳಲ್ಲಿ ಒಂದೂವರೆ ಲಕ್ಷ ಚದರ ಕಿಲೋಮೀಟರಿಗೂ ಹೆಚ್ಚು ಜಾಗದಲ್ಲಿ ಲಂಟಾನ ಹಬ್ಬಿದೆ. ಬಿಳಿಗಿರಿರಂಗನ ಬೆಟ್ಟದ ಸೋಲಿಗರು ಇದಕ್ಕೆ ಬೇರೆಯೇ ಕಾರಣ ಹೇಳುತ್ತಾರೆ. ಮೊದಲು ಬೇಸಿಗೆಯ ಆರಂಭದಲ್ಲೇ ಅವರು ತರಗು ಬೆಂಕಿ ಹಾಕುತ್ತಿದ್ದರು. ನೆಲದ ಮೇಲಿನ ತರಗೆಲೆ ಮಾತ್ರ ಸುಡುವ ಸಣ್ಣ ಬೆಂಕಿ ಅದು. ಅದಕ್ಕೆ ಲಂಟಾನದ ಎಳೆ ಸಸಿಗಳು ಸಾಯುತ್ತಿದ್ದವು, ಹುಲ್ಲು ಚಿಗುರುತ್ತಿತ್ತು. 1970ರ ದಶಕದಲ್ಲಿ ಅಭಯಾರಣ್ಯವಾದ ಮೇಲೆ ಬೆಂಕಿ ನಿಂತಿತು, ಲಂಟಾನ ಬೆಳೆಯಿತು. ಅರಣ್ಯದವರು ಒಪ್ಪಲಿ ಬಿಡಲಿ, ನನಗೆ ಸೋಲಿಗರ ಮಾತಿನಲ್ಲಿ ತಥ್ಯ ಇದೆಯೆನ್ನಿಸುತ್ತದೆ. ಇದೇ ಜನ ಈಗ ಮಲೆಮಹದೇಶ್ವರ ಬೆಟ್ಟದಲ್ಲಿ ಲಂಟಾನದ ಕೋಲು ಬೇಯಿಸಿ, ಸಿಪ್ಪೆ ತೆಗೆದು, ಬಾಗಿಸಿ ಕುರ್ಚಿ ಸೋಫಾ ಮಾಡುತ್ತಾರೆ. ನೀಲಗಿರಿ ಕಡೆಯ ಆದಿವಾಸಿಗಳು ಇದರಲ್ಲಿ ಆನೆಗಾತ್ರದ ಆನೆಗಳನ್ನೇ ಹೆಣೆದರು. 2021ರಲ್ಲಿ ಆ ಆನೆಗಳು ಲಂಡನ್ನಿನ ಪಾರ್ಕುಗಳಲ್ಲಿ ನಿಂತಿದ್ದವು. ಅಲಂಕಾರಕ್ಕೆಂದು ಬಂದದ್ದು ಅಲಂಕಾರವಾಗಿಯೇ ಹಿಂತಿರುಗಿತು ಎಂದು ಪತ್ರಿಕೆಯಲ್ಲಿ ಫೋಟೋ ನೋಡಿ ನಕ್ಕೆ.

ಆದರೆ ನನ್ನ ದೂರು ಲಂಟಾನದ ಮೇಲೆ ಅಷ್ಟಿಲ್ಲ. ನೂರು ದನಕ್ಕೆ 12 ಹೆಕ್ಟೇರ್, ಎಂದರೆ ಸುಮಾರು 30 ಎಕರೆ ಗೋಮಾಳ ಇರಬೇಕು ಎಂದು ನಮ್ಮ ರಾಜ್ಯದ ಭೂಕಂದಾಯ ನಿಯಮವೇ ಹೇಳುತ್ತದೆ. ನಮ್ಮೂರಿನಲ್ಲಿ ಒಂದಿಷ್ಟು ನಿವೇಶನಕ್ಕೆ ಹೋಯಿತು, ಒಂದಿಷ್ಟನ್ನು ಪಕ್ಕದ ಹೊಲದವರು ಬದು ಸರಿಸಿ ಸರಿಸಿ ಒಳಗೆ ಹಾಕಿಕೊಂಡರು. ಉಳಿದ ಜಾಗದಲ್ಲಿ ಅಷ್ಟೇ ದನ ಮೇದರೆ ಹುಲ್ಲು ತಲೆಯೆತ್ತುವುದು ಹೇಗೆ? ಹುಲ್ಲು ಬೋಳಾದಲ್ಲೇ ಲಂಟಾನಕ್ಕೆ ಜಾಗ. ಲಂಟಾನ ಹಬ್ಬಿದಷ್ಟೂ ಹುಲ್ಲಿಗೆ ಜಾಗವಿಲ್ಲ. ಕೊನೆಗೆ ಹಸು ಹಸಿದು ಅದಕ್ಕೇ ಬಾಯಿ ಹಾಕುತ್ತದೆ. ತಾತ ಹೊಟ್ಟೆಯ ಗುಳಿ ನೋಡುತ್ತಿದ್ದುದು ಸುಮ್ಮನಲ್ಲ.

ಆ ವರ್ಷದ ಮಳೆಗೆ ಮುಂಚೆ ಸಂಘದ ಹನ್ನೊಂದು ಹೆಂಗಸರು ಕುಡುಗೋಲು ಹಿಡಿದು ಗೋಮಾಳಕ್ಕೆ ಇಳಿದರು. ನೆಲಕ್ಕೆ ಸಮನಾಗಿ ಕಡಿದು ಬಂದರು. ಮಳೆ ಬಿದ್ದ ಮೇಲೆ ಒಂದು ಕಾಂಡ ಇದ್ದಲ್ಲಿ ಹತ್ತು ಚಿಗುರಿತು. ‘ಮುಡಿ ಕೊಟ್ಟ ಮೇಲೆ ಕೂದ್ಲು ದಟ್ಟವಾಗಿ ಬಂದಂಗಾಯ್ತು’ ಎಂದು ಅತ್ತಿಗೆ ಫೋನಿನಲ್ಲಿ ನಕ್ಕರು. ಮರುವರ್ಷ ಆ ಡಾಕ್ಟರೇ ಬೇರೆ ಉಪಾಯ ತಿಳಿಸಿದರು. ದೆಹಲಿ ವಿಶ್ವವಿದ್ಯಾಲಯದ ಪ್ರೊಫೆಸರ್ ಸಿ.ಆರ್. ಬಾಬು ಮತ್ತವರ ಜೊತೆಗಾರರು ಕಾರ್ಬೆಟ್ ಅರಣ್ಯದಲ್ಲಿ ಮಾಡಿ ತೋರಿಸಿದ ವಿಧಾನ ಅದು. ಕಾಂಡ ಮುಗಿದು ಬೇರು ಶುರುವಾಗುವ ಗಂಟಿನಲ್ಲೇ ಚಿಗುರುವ ಶಕ್ತಿ ಇರುವುದು. ಅದರ ಕೆಳಗೆ, ನೆಲದಿಂದ ಮೂರು ನಾಲ್ಕು ಬೆರಳು ಆಳದಲ್ಲಿ, ಗುದ್ದಲಿಯಿಂದ ತಾಯಿಬೇರನ್ನು ಕತ್ತರಿಸಬೇಕು. ಕಿತ್ತ ಪೊದೆಯನ್ನು ಬೇರು ಮೇಲೆ ಮಾಡಿ ತಲೆಕೆಳಗಾಗಿ ನಿಲ್ಲಿಸಬೇಕು, ನೆಲ ತಾಕಿದರೆ ಮತ್ತೆ ಬೇರು ಬಿಡುತ್ತದೆ. ಇಡೀ ಬುಡವನ್ನು ಅಗೆಯುವ ಶ್ರಮವಿಲ್ಲ, ಮಣ್ಣೂ ಕದಡುವುದಿಲ್ಲ. ಕಾಯಿ ಕಟ್ಟುವ ಮುಂಚೆಯೇ ಈ ಕೆಲಸ ಮುಗಿಯಬೇಕು. ಕೋಲುಗಳನ್ನು ಸೌದೆಗೆ ಒಯ್ಯಬಹುದು. ಎಲೆಯನ್ನು ಮಾತ್ರ ದನದ ಬಾಯಿಗೆ ಸಿಗದ ಹಾಗೆ ಒಂದು ಕಡೆ ರಾಶಿ ಹಾಕಿ ಮುಗಿಸಬೇಕು. ಒಣಗಿದರೂ ಅದರ ವಿಷ ಹೋಗುವುದಿಲ್ಲ.

ಈ ಒಣ ಎಲೆಯ ಮಾತು ಬಂದಾಗ ಪಟ್ಟಣದ ನಮಗೂ ಒಂದು ಹೇಳಬೇಕು. ಕಾಂಪೌಂಡಿನ ಕಣಗಿಲೆ ಗಿಡವನ್ನು ಸವರಿ ಕೊಂಬೆಗಳನ್ನು ಬೀದಿಗೆ ಎಸೆಯುತ್ತೇವಲ್ಲ, ಅದು ಲಂಟಾನಕ್ಕಿಂತ ಘೋರ ವಿಷ. ನೇರ ಹೃದಯಕ್ಕೇ ಹೊಡೆಯುತ್ತದೆ, ಸ್ವಲ್ಪ ಎಲೆ ತಿಂದರೂ ಹಸು ಉಳಿಯುವುದು ಕಷ್ಟ. ಹಸಿಯಾಗಿದ್ದಾಗ ಕಹಿಯೆಂದು ಬಿಟ್ಟ ಬೀಡಾಡಿ ದನ ಬಾಡಿದ ಮೇಲೆ ತಿನ್ನುತ್ತದೆ. ತರಕಾರಿ ಸಿಪ್ಪೆಯ ಜೊತೆಗೆ ಸೇರಿಸಿ ಇಟ್ಟರಂತೂ ಕೇಳುವುದೇ ಬೇಡ. ನಮ್ಮ ಬೀದಿಯಲ್ಲಿ ಇದನ್ನು ಹೇಳಿ ಹೇಳಿ ನನಗೆ ‘ಕಣಗಿಲೆ ಮೇಡಂ’ ಎಂದು ಹೆಸರು ಬಿದ್ದಿದೆ. ಪೂಜೆಗೆ ಹೂ ಕಿತ್ತುಕೊಳ್ಳಿ, ಬೇಡ ಎಂದವರು ಯಾರು.

ಬೇರು ಕತ್ತರಿಸಿದ್ದು ಎರಡೇ ಎಕರೆ. ಅದಕ್ಕೆ ಬೇಲಿ ಕಟ್ಟಿ ಎರಡು ಮಳೆಗಾಲ ದನ ಬಿಡಲಿಲ್ಲ. ಬಿಡದಿರಲು ನಡೆದ ಜಗಳಗಳನ್ನು ಬರೆದರೆ ಇನ್ನೊಂದು ಪ್ರಬಂಧವಾದೀತು. ಸ್ಟೈಲೋ ಬೀಜ ಚೆಲ್ಲಿದರು, ಗರಿಕೆ ತಾನೇ ಬಂತು. ನಡುವೆ ಒಂದು ಹೊಂಗೆಮರ ಇದೆ. ಅದರ ಮೇಲೆ ಕೂತ ಹಕ್ಕಿಗಳು ಬೀಜ ಉದುರಿಸುವುದರಿಂದ ಲಂಟಾನದ ಸಸಿ ಮೊದಲು ಏಳುವುದು ಆ ಮರದ ಬುಡದಲ್ಲೇ. ಪ್ರತಿ ಮಳೆಗಾಲ ಸರದಿಯ ಮೇಲೆ ಇಬ್ಬರು ಹೆಂಗಸರು ಹೋಗಿ ಬೆರಳುದ್ದದ ಸಸಿಗಳನ್ನು ಕೈಯಲ್ಲೇ ಕಿತ್ತು ಬರುತ್ತಾರೆ.

2023ರಲ್ಲಿ ಮತ್ತೆ ಬರ ಬಂತು. ರಾಜ್ಯದ 236 ತಾಲ್ಲೂಕುಗಳಲ್ಲಿ 223ನ್ನು ಬರಪೀಡಿತವೆಂದು ಸರ್ಕಾರ ಸಾರಿತು. ಆ ಎರಡು ಎಕರೆಯ ಹುಲ್ಲು ಊರಿಗೆಲ್ಲ ಸಾಲುವಂತಿರಲಿಲ್ಲ. ದಿನಕ್ಕೆ ಮನೆಗೊಂದು ಹೊರೆಯೆಂದು ಕೊಯ್ದು, ಕರೆಯುವ ಹಸುಗಳಿಗೆ ಮಾತ್ರ ಹಂಚಿದರು. ಲಕ್ಷ್ಮಿಯ ಮಗಳು ಆ ಹೊತ್ತಿಗೆ ಮೊದಲ ಸೂಲಿನಲ್ಲಿತ್ತು. ಅದರ ಮೈ ಮುಕ್ಕಾಲು ಬಿಳಿ. ಕರುವಾಗಿದ್ದಾಗಿನಿಂದ ಅತ್ತಿಗೆ ಅದನ್ನು ನಾಟಿ ಹಸುವಿನ ಜೊತೆಗೆ ಜೋಡಿ ಹಗ್ಗ ಹಾಕಿಯೇ ಮೇಯಿಸಿದವರು. ಈಗಲೂ ಹಗ್ಗ ಬಿಚ್ಚುವ ಮೊದಲು ಅದರ ಎಡಪಕ್ಕೆಯ ಗುಳಿಯನ್ನು ಕೈಯಿಂದ ಒತ್ತಿ ನೋಡುತ್ತಾರೆ.